ಸಂಕೇತ ಕೆಟ್ಟ ಪತ್ರವೂ ಸ್ಪ್ಯಾಮ್ ತಡೆಯುವ ತಂತ್ರಾಂಶವೂ



ನಿಮ್ಮ ಇ-ಮೇಲ್ ಪೆಟ್ಟಿಗೆಗೆ ಬರುವ ಪ್ರತಿಯೊಂದು ಪತ್ರವನ್ನೂ ನಿಮಗಿಂತ ಮೊದಲು ಫಿಲ್ಟರ್ ಎಂಬ ಒಂದು ತಂತ್ರಾಂಶ ಓದಿರುತ್ತದೆ. ಇದು ಬೇಕಾದ ಪತ್ರವೋ ಸ್ಪ್ಯಾಮೋ ಎಂದು ತೀರ್ಮಾನಿಸುವುದು ಅದರ ಕೆಲಸ. ಆ ತೀರ್ಮಾನ ಆದ ಮೇಲೆ ಇನ್ನೊಂದು ತಂತ್ರಾಂಶ, ಅಂದರೆ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಆ್ಯಪ್, ಅದೇ ಪತ್ರವನ್ನು ಮತ್ತೊಮ್ಮೆ ಬಿಡಿಸಿ ನಿಮಗೆ ತೋರಿಸುತ್ತದೆ. ಪತ್ರ ಕ್ರಮಬದ್ಧವಾಗಿದ್ದರೆ ಈ ಎರಡು ಓದುಗಳಿಗೆ ಒಂದೇ ಅರ್ಥ ಸಿಗುತ್ತದೆ. ಪತ್ರದ ಸಂಕೇತ ಕೆಟ್ಟಿದ್ದರೆ ಸಿಗುವ ಖಾತ್ರಿಯಿಲ್ಲ. ಫಿಲ್ಟರ್ ಒಂದನ್ನು ಓದಿ ಒಳಗೆ ಬಿಡುತ್ತದೆ, ಆ್ಯಪ್ ಇನ್ನೊಂದನ್ನು ಓದಿ ನಮ್ಮ ಮುಂದಿಡುತ್ತದೆ. ಈ ಅಂತರವನ್ನು ಮುಚ್ಚುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ. ನನ್ನ ವಾದ ಇಷ್ಟು: ಸಂಕೇತದ ದೋಷಗಳಲ್ಲಿ ಎರಡು ಜಾತಿಯಿದೆ. ಪತ್ರದ ಅಕ್ಷರ ಕೆಡಿಸುವ ದೋಷವನ್ನು ತಂತ್ರಾಂಶ ತಾನೇ ಸರಿಪಡಿಸಿ ಓದಬೇಕು, ಅದಕ್ಕಾಗಿ ಕಳುಹಿಸಿದವರನ್ನು ಶಂಕಿಸಬಾರದು. ಪತ್ರದ ಕಟ್ಟಡವನ್ನೇ ಎರಡರ್ಥಕ್ಕೆ ಎಡೆಮಾಡುವ ದೋಷವನ್ನು ಮಾತ್ರ ಬಾಗಿಲಲ್ಲೇ ತಡೆಯಬೇಕು. ಈ ಭೇದ ಮಾಡದ ಫಿಲ್ಟರಿನಿಂದ ಹೆಚ್ಚು ನಷ್ಟ ಆಗುವುದು ಇಂಗ್ಲಿಷಿನಲ್ಲಿ ಬರೆಯುವವರಿಗಲ್ಲ, ಕನ್ನಡದಂಥ ಭಾಷೆಗಳಲ್ಲಿ ಬರೆಯುವವರಿಗೆ.

ಸಮಸ್ಯೆಯ ಬೇರು 1982ರಲ್ಲಿದೆ. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 821 ಮತ್ತು 822 ಎಂಬ ದಾಖಲೆಗಳು ಇ-ಮೇಲ್‌ನ ನಡೆ ನುಡಿಗಳನ್ನು ಗೊತ್ತುಮಾಡಿದವು. ಅವುಗಳ ಲೆಕ್ಕದಲ್ಲಿ ಪತ್ರವೆಂದರೆ ಆಸ್ಕಿ ಎಂಬ ಪಟ್ಟಿಯ 128 ಸಂಕೇತಗಳಲ್ಲಿ ಬರೆದ ಪಠ್ಯ; ಒಂದು ಸಾಲು ಸಾವಿರ ಅಕ್ಷರ ಮೀರಬಾರದು. ಇಂಗ್ಲಿಷಿಗೆ ಅದು ಸಾಕಿತ್ತು. ಚಿತ್ರ, ಧ್ವನಿ, ಬೇರೆ ಲಿಪಿ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಹತ್ತು ವರ್ಷದ ನಂತರ, 1992ರ ಜೂನ್‌ನಲ್ಲಿ, ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ವ್ಯವಸ್ಥೆಯನ್ನು ತಂದರು. ಹಳೆಯ ದಾರಿಯನ್ನು ಅಗೆಯದೆ, ಹೊಸ ಸರಕನ್ನು ಹಳೆಯ ದಾರಿಯಲ್ಲಿ ಹೋಗುವಂತೆ ಕಟ್ಟಿಕೊಡುವುದು ಅವರ ಉಪಾಯ. ಬೇಸ್64 ಎಂಬ ಕಟ್ಟು ಮೂರು ಬೈಟ್‌ಗಳನ್ನು ನಾಲ್ಕು ಸುರಕ್ಷಿತ ಅಕ್ಷರಗಳಾಗಿ ಬದಲಿಸುತ್ತದೆ. ಕೋಟೆಡ್-ಪ್ರಿಂಟಬಲ್ ಎಂಬ ಇನ್ನೊಂದು ಕಟ್ಟು ಆಸ್ಕಿಯಲ್ಲಿಲ್ಲದ ಪ್ರತಿ ಬೈಟನ್ನು ಸಮಚಿಹ್ನೆ ಮತ್ತು ಎರಡು ಅಂಕಿ ಅಥವಾ ಅಕ್ಷರಗಳಾಗಿ ಬರೆಯುತ್ತದೆ. 1996ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 2045ರಿಂದ 2049ರವರೆಗಿನ ಐದು ದಾಖಲೆಗಳಾಗಿ ಪರಿಷ್ಕೃತಗೊಂಡ ಆ ವ್ಯವಸ್ಥೆಯ ಮೇಲೆಯೇ ಇಂದಿಗೂ ಜಗತ್ತಿನ ಅಂಚೆ ನಡೆಯುತ್ತಿದೆ.

ಇದರಲ್ಲಿ ಕನ್ನಡ ಎಲ್ಲಿ ಕೂರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯುನಿಕೋಡ್‌ನಲ್ಲಿ ಅದು ಐದು ಘಟಕ: ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ. ಆ ಘಟಕಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟ್. ಹೀಗೆ 15 ಬೈಟ್. ಬೇಸ್64 ಮೂರನ್ನು ನಾಲ್ಕು ಮಾಡುವುದರಿಂದ ಪದ 20 ಅಕ್ಷರದ್ದಾಗುತ್ತದೆ, ಕೋಟೆಡ್-ಪ್ರಿಂಟಬಲ್‌ನಲ್ಲಾದರೆ 45. ಹಾಗಾಗಿ ಕನ್ನಡ ಪತ್ರಕ್ಕೆ ಬೇಸ್64 ಸಹಜವಾದ ಉಡುಪು. ಬಿಡಿಸದ ಆ 20 ಅಕ್ಷರಗಳನ್ನು ನಾಲ್ಕು ನಾಲ್ಕರಂತೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿ ಗುಂಪಿನ ಮೊದಲಿಗೆ 4 ಎಂಬ ಅಂಕಿ, ಅದರ ಮುಂದೆ ರೋಮನ್ ಲಿಪಿಯ ಎಲ್, ಮೂರನೆಯದು ಕೆ ಅಥವಾ ಒ. ನಾಲ್ಕನೆಯ ಅಕ್ಷರ ಮಾತ್ರ ನಮ್ಮ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ಕನ್ನಡದ ಬೈಟ್‌ಗಳ ಮೊದಲ ಭಾಗವೆಲ್ಲ ಒಂದೇ ಆಗಿರುವುದೇ ಇದಕ್ಕೆ ಕಾರಣ. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

ಸಂಕೇತ ಕೆಡುವುದು ಎಂದರೇನು? ಬೇಸ್64ಗೆ 64 ಅಕ್ಷರಗಳ ಪಟ್ಟಿಯಿದೆ. ಕೊನೆಯಲ್ಲಿ ಲೆಕ್ಕ ತುಂಬಲು ಸಮಚಿಹ್ನೆ ಬರಬಹುದು. ಸಾಲು 76 ಅಕ್ಷರ ಮೀರುವಂತಿಲ್ಲ. ಪಟ್ಟಿಯಲ್ಲಿಲ್ಲದ ಒಂದು ನಕ್ಷತ್ರ ಚಿಹ್ನೆ ನಡುವೆ ಬಂದರೆ? ಬಿಟ್ಟು ಮುಂದೆ ಓದಬೇಕು ಎನ್ನುತ್ತದೆ ಆರ್‌ಎಫ್‌ಸಿ 2045. ಅದರ ಜೊತೆಗೇ, ಇದು ಸಾಗಣೆಯ ದೋಷವಿರಬಹುದು, ಎಚ್ಚರಿಕೆ ಕೊಡುವುದೋ ಪತ್ರವನ್ನು ನಿರಾಕರಿಸುವುದೋ ಕೆಲವು ಸಂದರ್ಭಗಳಲ್ಲಿ ಸರಿಯಾದೀತು ಎಂದೂ ಸೇರಿಸುತ್ತದೆ. ಸಮಚಿಹ್ನೆ ಕೊನೆಯಲ್ಲಿ ಬರದೆ ನಡುವೆಯೇ ಬಂದರೆ? ಅದನ್ನು ಪಠ್ಯ ಮುಗಿದ ಗುರುತೆಂದು ಹಿಡಿಯಬಹುದು ಎನ್ನುತ್ತದೆ. ‘ಹಿಡಿಯಬಹುದು’ ಎಂದರೆ ಹಿಡಿಯದೆಯೂ ಇರಬಹುದು. 2006ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 4648 ತದ್ವಿರುದ್ಧವಾಗಿ, ಬೇರೆ ದಾಖಲೆ ಅನುಮತಿ ಕೊಡದ ಹೊರತು ಪಟ್ಟಿಯಾಚೆಯ ಅಕ್ಷರವಿರುವ ಸಂಕೇತವನ್ನು ತಿರಸ್ಕರಿಸಲೇಬೇಕು ಎಂದಿತು. ಈಗ ಸ್ಪ್ಯಾಮ್ ಕಳುಹಿಸುವವನ ಜಾಗದಲ್ಲಿ ನಿಂತು ಯೋಚಿಸಿ. ಮೊದಲ ಎರಡು ಸಾಲು ಸಭೆಯ ಆಹ್ವಾನದಂಥ ಮಾತು, ನಡುವೆ ಒಂದು ಸಮಚಿಹ್ನೆ, ಆಮೇಲೆ ಅಸಲು ಜಾಹೀರಾತು. ಸಮಚಿಹ್ನೆ ಕಂಡೊಡನೆ ಓದು ನಿಲ್ಲಿಸುವ ಫಿಲ್ಟರಿಗೆ ಆಹ್ವಾನ ಮಾತ್ರ ಕಾಣುತ್ತದೆ. ಸಮಚಿಹ್ನೆಯನ್ನು ದಾಟಿ ಓದುವ ಆ್ಯಪ್ ಇಡೀ ಜಾಹೀರಾತನ್ನು ತೋರಿಸುತ್ತದೆ. ಎರಡೂ ನಿಯಮದ ಒಂದೊಂದು ಓದಿಗೆ ನಿಷ್ಠವಾಗಿಯೇ ಇವೆ. ಮೋಸ ನಡೆಯುವುದು ಅವುಗಳ ನಡುವಣ ಸಂದಿಯಲ್ಲಿ.

ಇದು ಬರಿಯ ಊಹೆ ಎಂದುಕೊಳ್ಳಬಾರದು. 2001ರ ಸೆಪ್ಟೆಂಬರ್ 18ರಂದು ಹರಡಿದ ನಿಮ್ಡಾ ಎಂಬ ಹುಳು ಇದೇ ಬಗೆಯ ಸಂದಿಯಲ್ಲಿ ನುಗ್ಗಿತು. ಅದು ತಂದ ಪತ್ರದ ಲಗತ್ತಿನ ಮೇಲಿನ ಹಣೆಪಟ್ಟಿ ‘ಧ್ವನಿ ಕಡತ’ ಎಂದಿತ್ತು. ಒಳಗಿದ್ದದ್ದು ರೀಡ್‌ಮಿ ಎಂಬ ಹೆಸರಿನ, ತಾನಾಗಿ ಚಲಿಸಬಲ್ಲ ಪ್ರೋಗ್ರಾಂ. ಹಣೆಪಟ್ಟಿಯನ್ನು ನಂಬಿದ ಭಾಗ ಇದು ನಿರಪಾಯವೆಂದು ತಾನೇ ತೆರೆಯಲು ಹೋಯಿತು. ಕಡತದ ಹೆಸರನ್ನು ನಂಬಿದ ಭಾಗ ಅದನ್ನು ಪ್ರೋಗ್ರಾಂ ಎಂದು ಓಡಿಸಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಈ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಆದರೆ ಅಸಂಖ್ಯ ಕಂಪ್ಯೂಟರುಗಳಿಗೆ ಅದು ತಲುಪಿರಲಿಲ್ಲ. ಈಚಿನ ಸಾಕ್ಷ್ಯವೂ ಇದೆ. 2020ರ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಜಿಯಾಂಜುನ್ ಚೆನ್, ವರ್ನ್ ಪ್ಯಾಕ್ಸನ್ ಮತ್ತು ಜಿಯಾನ್ ಜಿಯಾಂಗ್ ಮಂಡಿಸಿದ ಅಧ್ಯಯನ 10 ಇ-ಮೇಲ್ ಸೇವೆಗಳನ್ನೂ 19 ಆ್ಯಪ್‌ಗಳನ್ನೂ ಪರೀಕ್ಷಿಸಿ, ಕಳುಹಿಸಿದವರ ಗುರುತನ್ನು ತಪ್ಪಾಗಿ ತೋರಿಸುವ 18 ದಾರಿಗಳನ್ನು ಪತ್ತೆ ಮಾಡಿತು. ಒಂದೇ ಪತ್ರದಲ್ಲಿ ‘ಇಂದ’ ಎಂಬ ಸಾಲನ್ನು ಎರಡು ಸಲ ಬರೆಯುವುದು ಅವುಗಳಲ್ಲೊಂದು: ಪರೀಕ್ಷಿಸುವ ತಂತ್ರಾಂಶ ಒಂದನ್ನು ಹಿಡಿಯುತ್ತದೆ, ತೋರಿಸುವ ತಂತ್ರಾಂಶ ಇನ್ನೊಂದನ್ನು. ಬಿಡಿಯಾಗಿ ನೋಡಿದರೆ ಪ್ರತಿ ಭಾಗವೂ ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು, ಅವುಗಳನ್ನು ಜೋಡಿಸಿದ ಜಾಗದಲ್ಲಿ ಬಿರುಕು ಬಿಡುತ್ತದೆ ಎಂಬುದು ಆ ಅಧ್ಯಯನದ ಸಾರ.

ಹಾಗಿದ್ದರೆ ಕೆಟ್ಟ ಸಂಕೇತದ ಪತ್ರವನ್ನೆಲ್ಲ ಸ್ಪ್ಯಾಮ್ ಎಂದು ಎಸೆದರೆ ಆಯಿತಲ್ಲ? ಇದು ಮೊದಲು ಹೊಳೆಯುವ ಪರಿಹಾರ, ನ್ಯಾಯಕ್ಕೆ ಹೆಚ್ಚು ದೂರವಾದ ಪರಿಹಾರವೂ ಹೌದು. ಪತ್ರದ ವಿಷಯದ ಸಾಲನ್ನೇ ತೆಗೆದುಕೊಳ್ಳಿ. ಆರ್‌ಎಫ್‌ಸಿ 2047ರ ಪ್ರಕಾರ, ಅಲ್ಲಿ ಬರುವ ಸಂಕೇತದ ತುಂಡು 75 ಅಕ್ಷರ ಮೀರಬಾರದು. ಲಿಪಿಯ ಹೆಸರು ಮತ್ತು ಗುರುತುಚಿಹ್ನೆಗಳಿಗೆ 12 ಅಕ್ಷರ ಹೋದರೆ ಉಳಿಯುವುದು 63. ನಾಲ್ಕರ ಲೆಕ್ಕದಲ್ಲಿ 60. ಅಂದರೆ 45 ಬೈಟ್, ಕನ್ನಡದ 15 ಘಟಕ. ಬರೀ ಕನ್ನಡ ಅಕ್ಷರಗಳಾದರೆ ತುಂಡು ಸರಿಯಾಗಿ ಅಕ್ಷರದ ಅಂಚಿನಲ್ಲೇ ಮುಗಿಯುತ್ತದೆ. ಆದರೆ ಎರಡು ಪದಗಳ ನಡುವೆ ಒಂದೇ ಬೈಟಿನ ಖಾಲಿ ಜಾಗವೊಂದು ಬಂತೆನ್ನಿ. ಉಳಿದ 44 ಬೈಟ್‌ಗಳಲ್ಲಿ 14 ಘಟಕ ಹಿಡಿಸಿ, ಮೇಲೆ ಎರಡು ಬೈಟ್ ಉಳಿಯುತ್ತವೆ. ಹದಿನೈದನೆಯ ಅಕ್ಷರದ ಮೂರನೇ ಎರಡು ಪಾಲು ಈ ತುಂಡಿನಲ್ಲಿ, ಮಿಕ್ಕ ಒಂದು ಪಾಲು ಮುಂದಿನ ತುಂಡಿನಲ್ಲಿ. ಅಕ್ಷರವನ್ನು ಹೀಗೆ ಸೀಳಬಾರದೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ, ಬೈಟ್ ಎಣಿಸಿ ಕತ್ತರಿಸುವ ತಂತ್ರಾಂಶಕ್ಕೆ ಆ ನಿಯಮ ನೆನಪಾಗುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಇಂಗ್ಲಿಷಿನ ಅಕ್ಷರ ಸೀಳುವಂಥದ್ದೇ ಅಲ್ಲ. ತುಂಡು ತುಂಡಾಗಿ ಬಿಡಿಸುವ ಆ್ಯಪ್‌ನಲ್ಲಿ ಆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕವಿರುವ ಕರಿ ವಜ್ರಗಳು ಕಾಣುತ್ತವೆ. ಎಲ್ಲ ತುಂಡುಗಳ ಬೈಟ್‌ಗಳನ್ನು ಮೊದಲು ಕೂಡಿಸಿ ಆಮೇಲೆ ಅಕ್ಷರವಾಗಿ ಓದುವ ಆ್ಯಪ್‌ನಲ್ಲಿ ಒಂದು ಕೊಂಬೂ ಒಂದು ಒತ್ತೂ ಕಳೆಯದೆ ಇಡೀ ಸಾಲು ಮೂಡುತ್ತದೆ. ಕಳುಹಿಸಿದವರ ಕೈಯಲ್ಲಿ ತಪ್ಪಿಲ್ಲ, ಮನಸ್ಸಿನಲ್ಲಿ ದುರುದ್ದೇಶವಿಲ್ಲ. ಬ್ಯಾಂಕಿನ ಸೂಚನೆಯೋ ಶಾಲೆಯ ಸುತ್ತೋಲೆಯೋ ಸಾಹಿತ್ಯ ಸಭೆಯ ಆಮಂತ್ರಣವೋ ಆಗಿರಬಹುದಾದ ಆ ಪತ್ರವನ್ನು ದೋಷಯುಕ್ತ ಎಂದು ಎಸೆಯುವ ನಿಯಮ, ತಟಸ್ಥವಾಗಿ ಕಂಡರೂ, ಭಾಷೆ ನೋಡಿ ಹೊಡೆಯುತ್ತದೆ.

ಸಂಕೇತದ ದೋಷವನ್ನು ಸಾಕ್ಷ್ಯವಾಗಿ ಬಳಸುವ ಪದ್ಧತಿ ಹಳೆಯದು, ಪ್ರಯೋಜನವಿಲ್ಲದ್ದೂ ಅಲ್ಲ. 2001ರಲ್ಲಿ ಜಸ್ಟಿನ್ ಮೇಸನ್ ಆರಂಭಿಸಿದ, ಈಗ ಅಪಾಚೆ ಪ್ರತಿಷ್ಠಾನದ ಅಡಿಯಲ್ಲಿರುವ ಸ್ಪ್ಯಾಮ್‌ಅಸ್ಯಾಸಿನ್ ಪ್ರತಿ ಲಕ್ಷಣಕ್ಕೂ ಇಂತಿಷ್ಟು ಅಂಕ ಕೊಡುತ್ತದೆ. ಮೊತ್ತ 5 ಮುಟ್ಟಿದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪತ್ರ ಸ್ಪ್ಯಾಮ್. ಪಠ್ಯವನ್ನು ಬೇಸ್64ರಲ್ಲಿ ಮರೆಮಾಚಿರುವುದು, ಕೋಟೆಡ್-ಪ್ರಿಂಟಬಲ್ ಸಾಲು 76 ಮೀರಿರುವುದು, ವಿಷಯದ ಸಾಲಿನಲ್ಲಿ ಕಟ್ಟದೆ ಬಿಟ್ಟ ಕಚ್ಚಾ ಬೈಟ್‌ಗಳಿರುವುದು, ಇವಕ್ಕೆಲ್ಲ ಅದರಲ್ಲಿ ಲಕ್ಷಣಗಳಿವೆ. ಒಂದೇ ಲಕ್ಷಣಕ್ಕೆ ತೀರ್ಪು ಕೊಡದೆ ಹಲವನ್ನು ಕೂಡಿಸಿ ತೂಗುವ ಈ ವಿಧಾನ ವಿವೇಕದ್ದು. ಆದರೆ ತೂಕ ಹಾಕುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಈ ದೋಷವನ್ನು ಪ್ರಾಮಾಣಿಕ ತಂತ್ರಾಂಶವೂ ಮಾಡುತ್ತದೆಯೇ? ಬರೀ ಇಂಗ್ಲಿಷ್ ಅಕ್ಷರಗಳಿವೆ ಎಂದು ಘೋಷಿಸಿಕೊಂಡ ಪತ್ರ ಬೇಸ್64ರಲ್ಲಿ ಬಂದರೆ ಹುಬ್ಬೇರಿಸಬಹುದು. ಆ ಕಟ್ಟಿನ ಅಗತ್ಯವೇ ಅದಕ್ಕಿಲ್ಲ. ಕನ್ನಡದ ಪತ್ರ ಬೇಸ್64ರಲ್ಲಿ ಬಂದರೆ ಅದು ಬರಬೇಕಾದ ಹಾಗೆಯೇ ಬಂದಿದೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪಠ್ಯವನ್ನು ಹಾಗೆಯೇ ಪತ್ರಕ್ಕೆ ಅಂಟಿಸುವವರು ಇನ್ನೂ ಇದ್ದಾರೆ. ಆ ಫಾಂಟಿಲ್ಲದ ಫಿಲ್ಟರಿಗೆ ಅದು ಲ್ಯಾಟಿನ್ ಅಕ್ಷರಗಳ ಅರ್ಥಹೀನ ರಾಶಿಯಾಗಿ ಕಾಣುತ್ತದೆ. ಅದೂ ಹಿಂದಿನ ತಾಂತ್ರಿಕ ಸ್ಥಿತಿ ಬಿಟ್ಟುಹೋದ ಗುರುತು, ಅಪರಾಧದ ಗುರುತಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ನೋಡಲಾಗದು. ನೀವು ಕಳುಹಿಸುವಾಗ ಕಟ್ಟುನಿಟ್ಟಾಗಿರಿ, ಬೇರೆಯವರದನ್ನು ಸ್ವೀಕರಿಸುವಾಗ ಉದಾರವಾಗಿರಿ ಎಂಬ ಅರ್ಥದ ಸೂತ್ರವನ್ನು ಜಾನ್ ಪೋಸ್ಟೆಲ್ 1980ರ ಸುಮಾರಿಗೆ ಇಂಟರ್‌ನೆಟ್ ದಾಖಲೆಗಳಲ್ಲಿ ಬರೆದರು. ಈ ಉದಾರತೆಯೇ ರೋಗದ ಮೂಲ ಎನ್ನುವವರಿದ್ದಾರೆ. ತಪ್ಪನ್ನು ಸಹಿಸಿಕೊಂಡಷ್ಟೂ ತಪ್ಪು ಮಾಡುವ ತಂತ್ರಾಂಶ ತಿದ್ದಿಕೊಳ್ಳುವುದಿಲ್ಲ. ಕಾಲ ಕಳೆದಂತೆ ತಪ್ಪೇ ರೂಢಿಯಾಗುತ್ತದೆ. ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆದ ಎರಿಕ್ ಆಲ್ಮನ್ 2011ರಲ್ಲಿ ಆ ಸೂತ್ರವನ್ನು ಮರುಪರಿಶೀಲಿಸಬೇಕೆಂದರು. ಇಂಟರ್‌ನೆಟ್ ವಾಸ್ತುಮಂಡಳಿ 2023ರ ಜೂನ್‌ನಲ್ಲಿ ತಂದ ಆರ್‌ಎಫ್‌ಸಿ 9413 ಕೂಡ, ಕುರುಡು ಸಹನೆಯಿಂದ ಕೊನೆಗೆ ಇಡೀ ವ್ಯವಸ್ಥೆ ಹಾಳಾಗುತ್ತದೆ ಎಂದು ವಾದಿಸುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಎಲ್ಲ ದೋಷಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಅಂಚೆ ಕಚೇರಿಗೆ ಬಂದ ಲಕೋಟೆಯಲ್ಲಿ ಊರಿನ ಹೆಸರಿನ ಒಂದಕ್ಷರ ಅಳಿಸಿದ್ದರೆ ಅಂಚೆಯವರು ಊಹಿಸಿ ತಲುಪಿಸುತ್ತಾರೆ. ಎರಡು ಬೇರೆ ಬೇರೆ ವಿಳಾಸ ಬರೆದಿದ್ದರೆ ಹಿಂದಕ್ಕೆ ಕಳುಹಿಸುತ್ತಾರೆ. ಮೊದಲನೆಯದರಲ್ಲಿ ಉದ್ದೇಶ ಒಂದೇ, ಅದರ ಬರಹ ಕೆಟ್ಟಿದೆ. ಎರಡನೆಯದರಲ್ಲಿ ಯಾರ ಓದು ಗೆಲ್ಲುತ್ತದೋ ಆ ಉದ್ದೇಶ ನಡೆಯುತ್ತದೆ.

ಈ ಭೇದ ಆಚರಣೆಗೆ ಬರುತ್ತದೆಯೇ ಎಂದು ಕೇಳಿದರೆ, ಬಂದ ಉದಾಹರಣೆ ಕಣ್ಣ ಮುಂದೆಯೇ ಇದೆ. 2023ರ ಡಿಸೆಂಬರ್‌ನಲ್ಲಿ ಟಿಮೊ ಲಾಂಗಿನ್ ಎಂಬ ಸಂಶೋಧಕ ಎಸ್‌ಎಂಟಿಪಿ ಸ್ಮಗ್ಲಿಂಗ್ ಎಂಬ ದಾಳಿಯನ್ನು ಬಯಲಿಗಿಟ್ಟರು. ಪತ್ರ ಮುಗಿಯಿತು ಎಂದು ಸರ್ವರಿಗೆ ತಿಳಿಸಲು ಒಂಟಿ ಚುಕ್ಕಿಯ ಒಂದು ಸಾಲು ಬರಬೇಕು. ಆ ಸಾಲಿನ ಹಿಂದೆ ಮುಂದೆ ಎರಡೆರಡು ಸಾಲುಮುರಿ ಸಂಕೇತಗಳಿರಬೇಕು. ಕೆಲವು ಸರ್ವರುಗಳು ಒಂದೊಂದೇ ಇದ್ದರೂ ಒಪ್ಪುತ್ತಿದ್ದವು. ಹಾಗಾಗಿ ಕಳುಹಿಸುವ ಸರ್ವರಿಗೆ ಒಂದೇ ಪತ್ರವಾಗಿ ಕಂಡದ್ದು ಪಡೆಯುವ ಸರ್ವರಿಗೆ ಎರಡು ಪತ್ರವಾಗಿ ಕಾಣುತ್ತಿತ್ತು. ಎರಡನೆಯದು ಬೇರೆಯವರ ಹೆಸರಿನ ಖೋಟಾ ಪತ್ರ, ನಂಬಿಕಸ್ಥ ಸರ್ವರಿನ ಮೂಲಕವೇ ಬಂದದ್ದು. ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ಸರ್ವರ್ ತಂತ್ರಾಂಶ ಇದಕ್ಕೆ ಕಂಡುಕೊಂಡ ಉತ್ತರವನ್ನು ಗಮನಿಸಿ. 3.9ನೆಯ ಆವೃತ್ತಿಯಿಂದ ಅದು ಪತ್ರದ ಕೊನೆಯ ಗುರುತಿನ ವಿಷಯದಲ್ಲಿ ಒಂದಿಷ್ಟೂ ಸಡಿಲಿಕೆ ಕೊಡುವುದಿಲ್ಲ. ಪತ್ರದೊಳಗಿನ ಸಾಲುಗಳು ಅರ್ಧ ಸಾಲುಮುರಿಯಿಂದ ಮುಗಿದಿದ್ದರೆ ಅವನ್ನು ನಿರಾಕರಿಸದೆ, ಸರಿಯಾದ ರೂಪಕ್ಕೆ ತಿದ್ದಿಕೊಂಡು ಓದುತ್ತದೆ. ಕಟ್ಟಡದಲ್ಲಿ ಬಿಗಿ, ಅಕ್ಷರದಲ್ಲಿ ಉದಾರ. ನಾನು ಫಿಲ್ಟರುಗಳಿಂದ ಕೇಳುತ್ತಿರುವುದು ಇದನ್ನೇ. ಎರಡು ‘ಇಂದ’ ಸಾಲು, ಪತ್ರದ ಭಾಗಗಳನ್ನು ಬೇರ್ಪಡಿಸುವ, ಆದರೆ ಒಂದಕ್ಕೊಂದು ಹೊಂದದ ಗುರುತುಗಳು, ಬೇಸ್64ರ ನಡುವಣ ಸಮಚಿಹ್ನೆ: ಇವು ತಡೆಯಬೇಕಾದವು. ಸೀಳಿದ ಅಕ್ಷರ, ಉದ್ದದ ಸಾಲು, ಕೋಟೆಡ್-ಪ್ರಿಂಟಬಲ್‌ನಲ್ಲಿ ದೊಡ್ಡಕ್ಷರದ ಬದಲು ಬಂದ ಚಿಕ್ಕಕ್ಷರ: ಇವು ತಿದ್ದಿ ಓದಬೇಕಾದವು.

ಫಿಲ್ಟರ್ ತಿದ್ದಿ ಓದಿದರೆ ಸಾಲದು, ಆ್ಯಪ್ ಅದನ್ನು ಬೇರೆ ಥರ ಓದಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಖಚಿತವಾದ ಉತ್ತರ ಒಂದೇ: ಫಿಲ್ಟರ್ ತಾನು ಓದಿದ ರೂಪದಲ್ಲೇ ಪತ್ರವನ್ನು ಹೊಸದಾಗಿ ಕಟ್ಟಿ ಮುಂದೆ ಕಳುಹಿಸಬೇಕು. ಆಗ ಆ್ಯಪ್‌ಗೆ ಓದಲು ಬೇರೆ ಅರ್ಥವೇ ಉಳಿಯುವುದಿಲ್ಲ. ಪತ್ರ ಮುಟ್ಟಿದರೆ ಡಿಕೆಐಎಂ ಸಹಿ ಮುರಿಯುತ್ತದೆ ಎಂದು ತಜ್ಞರು ತಕ್ಷಣ ಹೇಳುತ್ತಾರೆ, ಹೌದು. ಪತ್ರದ ಒಡಲಿನ ಲೆಕ್ಕ ಹಾಕಿ ಮುದ್ರೆ ಒತ್ತುವ ವ್ಯವಸ್ಥೆಯದು; ಒಡಲು ಬದಲಾದರೆ ಮುದ್ರೆ ಹೊಂದುವುದಿಲ್ಲ. ಆದರೆ ಕೊನೆಯ ನಿಲ್ದಾಣದಲ್ಲಿ, ಸಹಿಯನ್ನು ಪರೀಕ್ಷಿಸಿ ಫಲಿತಾಂಶ ಬರೆದಿಟ್ಟ ಮೇಲೆ ತಿದ್ದುವುದರಿಂದ ಏನೂ ಕಳೆಯುವುದಿಲ್ಲ. ತಿದ್ದಬೇಕಾದದ್ದು ಕೆಟ್ಟ ಪತ್ರಗಳನ್ನು ಮಾತ್ರ. ಪಡೆಯುವವರೇ ಬಿಡಿಸಬೇಕಾದ ಗೂಢಲಿಪಿಯ ಪತ್ರಗಳನ್ನು ಮುಟ್ಟುವಂತಿಲ್ಲ ಎಂಬ ಮಿತಿಯನ್ನು ಒಪ್ಪುತ್ತೇನೆ. ಇನ್ನೊಂದು ಆಕ್ಷೇಪ ಖರ್ಚಿನದು. ಕೆಟ್ಟ ಪತ್ರವನ್ನು ನಾಲ್ಕು ಬಗೆಯಲ್ಲಿ ಓದಲು ಹೋದರೆ ಫಿಲ್ಟರೇ ದಣಿದು ಬೀಳುತ್ತದೆ. ಇದೂ ಅನುಭವದಲ್ಲಿ ಕಂಡದ್ದೇ. ಬೇಕೆಂದೇ ತಿರುಚಿ ಕಟ್ಟಿದ ಮೈಮ್ ಪತ್ರವೊಂದರಿಂದ ಕ್ಲ್ಯಾಮ್‌ಎವಿ ಎಂಬ ವೈರಸ್ ಶೋಧಕದ ಪರೀಕ್ಷೆ ವಿಪರೀತ ಎಳೆಯುವಂತೆ ಮಾಡಬಹುದೆಂದು 2019ರಲ್ಲಿ ತಿಳಿದುಬಂದು, ಅದನ್ನು ತಿದ್ದಬೇಕಾಯಿತು. ಸಮಯಕ್ಕೆ ಮಿತಿ ಇರಲೇಬೇಕು. ಮಿತಿ ಮೀರಿ ಓದಲಾಗದ ಪತ್ರದ ಮೇಲೆ ‘ಪರೀಕ್ಷಿಸಲಾಗಿದೆ’ ಎಂಬ ಮುದ್ರೆ ಬೀಳಬಾರದು, ಅಷ್ಟೇ.

ಕೊನೆಯ ಆಕ್ಷೇಪ ಹೊಸ ಕಾಲದ್ದು. ನಿಯಮಗಳ ಕಾಲ ಮುಗಿಯಿತು, ಈಗ ಯಂತ್ರವೇ ಕಲಿಯುತ್ತದೆ, ಕೆಟ್ಟ ಸಂಕೇತದಲ್ಲಿ ಒಳ್ಳೆಯದು ಯಾವುದು ಸ್ಪ್ಯಾಮ್ ಯಾವುದು ಎಂದು ಅದೇ ತಿಳಿದುಕೊಳ್ಳುತ್ತದೆ ಎಂಬ ವಾದ. ಪಾಲ್ ಗ್ರಹಾಂ 2002ರ ಆಗಸ್ಟ್‌ನಲ್ಲಿ ಬರೆದ ಪ್ರಬಂಧದಿಂದ ಜನಪ್ರಿಯವಾದ ಪದಗಣಿತದ ಫಿಲ್ಟರುಗಳಿಂದ ಹಿಡಿದು ಇಂದಿನ ದೊಡ್ಡ ಮಾದರಿಗಳವರೆಗೆ ಈ ವಿಧಾನ ದೊಡ್ಡ ಕೆಲಸ ಮಾಡಿದೆ. ಆದರೆ ಕಲಿಯುವ ಯಂತ್ರಕ್ಕೂ ಮೊದಲು ಪತ್ರ ಬಿಡಿಸಿಕೊಡುವವರು ಬೇಕು. ಬಿಡಿಸುವ ಭಾಗ ಒಂದು ಕೆಟ್ಟ ಅಕ್ಷರ ಕಂಡು ಕೈಚೆಲ್ಲಿ ಬೇಸ್64 ರಾಶಿಯನ್ನು ಹಾಗೆಯೇ ಮುಂದಿಟ್ಟರೆ ಯಂತ್ರಕ್ಕೆ ಏನು ಸಿಗುತ್ತದೆ? ಇಂಗ್ಲಿಷಿನ ರಾಶಿಯಲ್ಲಿ ತರಾವರಿ ತುಂಡುಗಳು ಸಿಗುತ್ತವೆ. ಕನ್ನಡದ ರಾಶಿಯಲ್ಲಿ ಆಗಲೇ ಹೇಳಿದ 4, ಎಲ್, ಕೆ ಎಂಬಂಥ ಸರಣಿಗಳೇ ಮತ್ತೆ ಮತ್ತೆ. ಪದಗಳು ಕಾಣುವುದಿಲ್ಲ, ಲಿಪಿಯ ಮುದ್ರೆಯೊಂದೇ ಕಾಣುತ್ತದೆ. ಕಲಿಕೆಗೆ ಸಿಕ್ಕ ಕನ್ನಡ ಪತ್ರಗಳು ಕಡಿಮೆಯಿದ್ದು, ಅವುಗಳಲ್ಲಿ ಸಾಲದ ಜಾಹೀರಾತು ಹೆಚ್ಚಿದ್ದರೆ, ಯಂತ್ರ ಕಲಿಯುವುದು ಸಾಲದ ಜಾಹೀರಾತಿನ ಲಕ್ಷಣವನ್ನಲ್ಲ, ಕನ್ನಡದ ಲಕ್ಷಣವನ್ನು. ನಿಯಮವಾದರೆ ತೆರೆದು ನೋಡಿ ತಪ್ಪು ಹಿಡಿಯಬಹುದು. ಯಂತ್ರ ಕಲಿತ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕಲಿಯುವ ಯಂತ್ರ ಬಂದ ಮೇಲೆ ಸರಿಯಾಗಿ ಬಿಡಿಸುವ ಹೊಣೆ ಇನ್ನೂ ಹೆಚ್ಚಾಗಿದೆ.

2014ರ ಜನವರಿಯಲ್ಲಿ ಆರ್‌ಎಫ್‌ಸಿ 7103 ಎಂಬ ದಾಖಲೆ ಬಂತು. ಕೆಟ್ಟ ಪತ್ರಗಳನ್ನು ಸುರಕ್ಷಿತವಾಗಿ ನಿರ್ವಹಿಸುವ ಬಗ್ಗೆ ಅದು ಸಲಹೆ ಕೊಡುತ್ತದೆ. ಮೈಮ್ ಕಟ್ಟಿದ ನೆಡ್ ಫ್ರೀಡ್ ಅದರ ಮೂವರು ಲೇಖಕರಲ್ಲಿ ಒಬ್ಬರು. ಅದು ಸಲಹೆ ಮಾತ್ರ, ಮಾನದಂಡವಲ್ಲ. ಪಾಲಿಸುವುದು ಬಿಡುವುದು ತಂತ್ರಾಂಶ ಬರೆಯುವವರಿಗೆ ಬಿಟ್ಟದ್ದು. ಹಾಗಾಗಿ ನನ್ನ ವಿನಂತಿಯೂ ಅವರಿಗೇ. ಕರ್ನಾಟಕದ ಕಚೇರಿಗಳಿಗೆ, ಬ್ಯಾಂಕುಗಳಿಗೆ, ವಿಶ್ವವಿದ್ಯಾಲಯಗಳಿಗೆ ಪತ್ರ ಕಳುಹಿಸುವ ತಂತ್ರಾಂಶ ಬರೆದುಕೊಡುವವರು ವಿಷಯದ ಸಾಲನ್ನು ಬೈಟ್ ಎಣಿಸಿ ಕತ್ತರಿಸಬೇಡಿ, ಅಕ್ಷರ ಎಣಿಸಿ ಕತ್ತರಿಸಿ. ಫಿಲ್ಟರ್ ನಡೆಸುವವರು ಸಂಶಯದ ಪತ್ರವನ್ನು ಸದ್ದಿಲ್ಲದೆ ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುವ ಬದಲು, ಇಂಥ ದೋಷವಿದೆ ಎಂದು ಕಾರಣ ಹೇಳಿ ಕಳುಹಿಸಿದವರಿಗೆ ಹಿಂದಿರುಗಿಸಿ. ಕಾರಣ ತಿಳಿದವರು ಮಾತ್ರ ತಿದ್ದಿಕೊಳ್ಳಬಲ್ಲರು. ಇಲ್ಲಿ ಕುಳಿತಿರುವ ಗಣಕ ವಿಜ್ಞಾನದ ವಿದ್ಯಾರ್ಥಿಗಳು ಯಾವುದೇ ಮುಕ್ತ ಫಿಲ್ಟರಿನ ಪರೀಕ್ಷಾ ಕಡತಗಳನ್ನು ತೆರೆದು, ಅವುಗಳಲ್ಲಿ ಸೀಳಿದ ಅಕ್ಷರವಿರುವ ಒಂದಾದರೂ ಕನ್ನಡ ಪತ್ರ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನು ಬರೆದು ಸೇರಿಸಿ.